ಕಲ್ಲುಹಾದಿಗೆ ಎಂಥ ಟೈರು? ಯಾದಗಿರಿ, ಶಹಾಪುರ, ಸುರಪುರದ ಸೈಕಲ್ ಸವಾರರಿಗೆ ಒಂದು ಕೈಪಿಡಿ

ಯಾದಗಿರಿ: ಬೆಂಗಳೂರು, ಹೈದರಾಬಾದ್‌ನಂಥ ನಗರಗಳಲ್ಲಿ ಹವ್ಯಾಸಕ್ಕೆಂದು ಆರಂಭವಾದ ರೋಡ್ ಬೈಕ್ ಸವಾರಿ ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಹಗುರವಾದ ಚೌಕಟ್ಟು, ಬಾಗಿದ ಹ್ಯಾಂಡಲ್, ಬೆರಳಿಗಿಂತ ತುಸುವೇ ದಪ್ಪನೆಯ ಟೈರು ಈ ಸೈಕಲ್ಲಿನ ಗುರುತು. ನುಣುಪಾದ ಡಾಂಬರಿನ ಮೇಲೆ ಇದಕ್ಕೆ ಸಾಟಿಯಿಲ್ಲ. ಆದರೆ ಬಂಡೆಗುಡ್ಡಗಳ ಸಾಲು, ಎರೆಮಣ್ಣಿನ ಹೊಲ, ಜಾಲಿಮುಳ್ಳಿನ ಬೇಲಿಗಳ ನಡುವೆ ಹಾದುಹೋಗುವ ಯಾದಗಿರಿ ಸೀಮೆಯ ರಸ್ತೆಗಳಲ್ಲಿ ಅದೇ ಟೈರು ಸವಾರನನ್ನು ನಡುದಾರಿಯಲ್ಲಿ ಕೈಬಿಡಬಹುದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಊರಿಂದ ಹತ್ತು ಕಿಲೋಮೀಟರ್ ದೂರ ಟ್ಯೂಬು ಒಡೆದು ನಿಲ್ಲುವುದು ಬರಿಯ ಕಿರಿಕಿರಿಯಲ್ಲ, ಅಪಾಯವೇ ಸರಿ. ಆದ್ದರಿಂದ ಕಲ್ಲಿನ ಹಾದಿಗೆ ಟೈರು ಆಯ್ದುಕೊಳ್ಳುವ ಬಗೆಯನ್ನು ತುಸು ವಿವರವಾಗಿ ತಿಳಿಯುವುದು ಒಳಿತು.

ಹಾದಿಯ ಸ್ವರೂಪ

ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿ, ಕೃಷ್ಣಾ ಹಾಗೂ ಭೀಮಾ ನದಿಗಳ ಸೀಮೆ. ಯಾದಗಿರಿ ಪಟ್ಟಣದ ನೆತ್ತಿಯ ಮೇಲೆ ಕೋಟೆಯ ಬೆಟ್ಟವಿದೆ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದವರಿಗೆ ಮಲಗಿದ ಬುದ್ಧನಂತೆ ಕಾಣುತ್ತದೆ. ನಾಯಕ ಅರಸರ ರಾಜಧಾನಿಯಾಗಿದ್ದ ಸುರಪುರವಂತೂ ಗುಡ್ಡಗಳ ನಡುವಿನ ತಗ್ಗಿನಲ್ಲೇ ನೆಲೆನಿಂತ ಊರು. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಇಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇರುವುದೂ ಗುಡ್ಡದ ಮೇಲೆಯೇ. ಏರು, ಇಳಿಜಾರು, ಕಲ್ಲು ಈ ಮೂರೂ ಇಲ್ಲಿನ ಸವಾರಿಯ ಭಾಗ.

ಯುರೋಪಿನ ಹಳೆಯ ಊರುಗಳಲ್ಲಿರುವಂಥ, ಸಣ್ಣ ಗಾತ್ರದ ಗಟ್ಟಿಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟ ಹೆದ್ದಾರಿ ಈ ಭಾಗದ ಪದ್ಧತಿಯಲ್ಲ. ರಾಜ್ಯದಲ್ಲಿ ಅದಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸ ರೂಪ ಪಡೆದ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ನೋಡಬೇಕು. ಆದರೆ ಸೈಕಲ್ಲಿನ ಗಾಲಿಗೆ ರಸ್ತೆಯ ಹೆಸರು ಮುಖ್ಯವಲ್ಲ, ಅದರ ಉಬ್ಬುತಗ್ಗು ಮುಖ್ಯ. ಆ ದೃಷ್ಟಿಯಿಂದ ಇಲ್ಲಿನ ಸವಾರನಿಗೆ ಎದುರಾಗುವ ನೆಲವನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಹಳೆಯ ಓಣಿಗಳ ಹಾಸುಗಲ್ಲು. ಭೀಮಾ ಕಣಿವೆಯ ಸುಣ್ಣದ ಕಲ್ಲು ತೆಳುವಾದ ಹಲಗೆಗಳಾಗಿ ಸೀಳುವ ಗುಣದ್ದು. ಶಹಾಬಾದ್ ಕಲ್ಲು ಎಂದೂ ಪರಸಿ ಎಂದೂ ಕರೆಯುವ ಇದು ಮನೆಯ ನೆಲಕ್ಕೂ ಅಂಗಳಕ್ಕೂ ಓಣಿಗೂ ಬಳಕೆಯಾಗಿದೆ. ಸವೆದ ಹಾಸುಗಲ್ಲು ಒಣಗಿದ್ದಾಗ ನುಣುಪು, ಒದ್ದೆಯಾದಾಗ ಜಾರುಬಂಡೆ. ಎರಡು ಕಲ್ಲುಗಳ ನಡುವಿನ ಸಂದು ತೆಳುವಾದ ಟೈರನ್ನು ಹಿಡಿದುಕೊಳ್ಳುವಷ್ಟು ಅಗಲವಿರಬಹುದು. ಎರಡನೆಯದು, ಹೊಸ ಬಡಾವಣೆಗಳ ಸಿಮೆಂಟ್ ಬ್ಲಾಕ್ ಹಾಸು. ಹಾಕಿದಾಗ ಸಮತಟ್ಟಾಗಿದ್ದರೂ ಅಡಿಯ ಮರಳು ಕುಸಿದಂತೆ ಒಂದೊಂದು ಬ್ಲಾಕ್ ಒಂದೊಂದು ಮಟ್ಟಕ್ಕೆ ನಿಲ್ಲುತ್ತದೆ. ಮೂರನೆಯದು, ಡಾಂಬರು ಕಿತ್ತು ಕಡಿ ಮೇಲೆದ್ದ ರಸ್ತೆ. ನಾಲ್ಕನೆಯದು, ಗರಸು ಹಾಕಿದ ಹೊಲದ ದಾರಿ ಮತ್ತು ಕಾಲುವೆ ದಂಡೆಯ ದಾರಿ. ಐದನೆಯದು, ಮಳೆ ಬಿದ್ದೊಡನೆ ಅಂಟಾಗುವ ಎರೆಮಣ್ಣು.

ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ, ಸುರಪುರದಿಂದ ಬೋನಾಳ ಪಕ್ಷಿಧಾಮಕ್ಕೆ ಅಥವಾ ಕೃಷ್ಣೆಯ ದಡದ ತಿಂಥಣಿಗೆ ಹೊರಟ ಸವಾರನು ಮುಖ್ಯರಸ್ತೆಯನ್ನಷ್ಟೇ ಹಿಡಿದರೆ ಬಹುಪಾಲು ಡಾಂಬರಿನ ಮೇಲೆಯೇ ಸಾಗಬಹುದು. ಊರೊಳಗೆ ಇಳಿದರೆ, ಕೆರೆಯ ಏರಿ ಹತ್ತಿದರೆ, ಒಳದಾರಿ ಹಿಡಿದರೆ ಈ ಐದೂ ಬಗೆಯ ನೆಲ ಒಂದೇ ದಿನದಲ್ಲಿ ಎದುರಾಗಬಹುದು. ಹಾಗಾಗಿ ದಾರಿಯ ಅತ್ಯುತ್ತಮ ಭಾಗಕ್ಕೆ ಹೊಂದುವ ಟೈರಿಗಿಂತ ಅತಿ ಕೆಟ್ಟ ಭಾಗವನ್ನು ತಾಳಿಕೊಳ್ಳುವ ಟೈರನ್ನು ಆರಿಸುವುದೇ ಜಾಣತನ.

ಗಾಳಿಯೇ ಸ್ಪ್ರಿಂಗು

ಗಾಳಿ ತುಂಬಿದ ಗಾಲಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಸುತ್ತಿ, 1888ರಲ್ಲಿ ಪೇಟೆಂಟ್ ಪಡೆದ ಬಳಿಕವೇ ಅದು ಜಗತ್ತಿಗೆ ಹಬ್ಬಿತು. ಗಟ್ಟಿ ರಬ್ಬರಿನ ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಸೈಕಲ್ಲೂ ಸವಾರನೂ ಮೇಲಕ್ಕೆ ನೆಗೆಯಬೇಕಿತ್ತು. ಗಾಳಿಯ ಟೈರು ಕಲ್ಲಿನ ಆಕಾರಕ್ಕೆ ತಾನೇ ತಗ್ಗಿಕೊಟ್ಟು ದಾಟಿಹೋಗುತ್ತದೆ. ಅದರ ಉಪಯೋಗದ ಗುಟ್ಟು ಇಷ್ಟೇ.

ಆದರೆ ಆ ಗಾಳಿಯನ್ನು ಅತಿಯಾಗಿ ಬಿಗಿದರೆ ಟೈರು ಮತ್ತೆ ಗಟ್ಟಿ ರಬ್ಬರಿನಂತೆಯೇ ವರ್ತಿಸತೊಡಗುತ್ತದೆ. ಬಿಗಿದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ಸವಾರರಲ್ಲಿ ಬಹುಕಾಲ ಬೇರೂರಿತ್ತು. ನುಣುಪಾದ ಒಳಾಂಗಣ ಟ್ರ್ಯಾಕಿನ ಮಟ್ಟಿಗೆ ಅದು ನಿಜ. ಒರಟು ನೆಲದಲ್ಲಿ ಮಾತ್ರ ಲೆಕ್ಕ ಬೇರೆ. ಪ್ರತಿ ಕಲ್ಲೂ ಸೈಕಲ್ಲನ್ನು ಒಂದಿಷ್ಟು ಮೇಲಕ್ಕೆತ್ತುತ್ತದೆ, ಹಾಗೆ ಎತ್ತಲು ಬೇಕಾದ ಶಕ್ತಿ ಸವಾರನ ಕಾಲಿನಿಂದಲೇ ಬರಬೇಕು. ಅದುರಿದ ದೇಹವು ಆ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆಯೇ ಹೊರತು ಮುನ್ನಡೆಗೆ ಮರಳಿಸುವುದಿಲ್ಲ. ಕೈ ಜೋಮು ಹಿಡಿಯುವುದು, ಸೊಂಟ ನೋಯುವುದು ಆ ನಷ್ಟದ ಲಕ್ಷಣಗಳು. ಸರಿಯಾದಷ್ಟು ಗಾಳಿ ಇಳಿಸಿದ ಅಗಲದ ಟೈರು ಕಲ್ಲಿನ ಮೇಲೆ ಆರಾಮವನ್ನಷ್ಟೇ ಅಲ್ಲ, ವೇಗವನ್ನೂ ಕೊಡುತ್ತದೆ.

ಹಾಗೆಂದು ಗಾಳಿಯನ್ನು ಬೇಕಾಬಿಟ್ಟಿ ಇಳಿಸುವಂತಿಲ್ಲ. ಕಲ್ಲಿನ ಅಂಚಿಗೆ ಬಡಿದ ಟೈರು ಪೂರಾ ಚಪ್ಪಟೆಯಾದರೆ ಒಳಗಿನ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಹೀಗೆ ಆದಾಗ ಟ್ಯೂಬಿನ ಮೇಲೆ ಹಾವು ಕಚ್ಚಿದಂತೆ ಜೋಡಿ ರಂಧ್ರಗಳು ಕಾಣುತ್ತವೆ. ಒಂದೇ ರಂಧ್ರವಿದ್ದರೆ ಅದು ಬಹುತೇಕ ಮುಳ್ಳಿನ ಕೆಲಸ, ಅಕ್ಕಪಕ್ಕ ಎರಡಿದ್ದರೆ ಗಾಳಿ ಕಡಿಮೆಯಾಗಿತ್ತು ಎಂದರ್ಥ. ಪಂಕ್ಚರ್ ತಿದ್ದುವ ಮುನ್ನ ಇದನ್ನು ಗುರುತಿಸಿಕೊಂಡರೆ ಮುಂದಿನ ಪಂಕ್ಚರ್ ತಪ್ಪಿಸಬಹುದು.

ಫ್ರಾನ್ಸಿನ ಕಲ್ಲುಹಾದಿಯ ಪಾಠ

ಕಲ್ಲಿನ ಮೇಲೆ ರೋಡ್ ಬೈಕ್ ಓಡಿಸುವ ವಿದ್ಯೆಗೆ ಜಗತ್ತಿನ ದೊಡ್ಡ ಪ್ರಯೋಗಶಾಲೆ ಎಂದರೆ ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೆ ಸ್ಪರ್ಧೆ. 1896ರಲ್ಲಿ ಆರಂಭವಾದ ಈ ಒಂದು ದಿನದ ಸ್ಪರ್ಧೆಯ ಹಾದಿ ಈಚಿನ ವರ್ಷಗಳಲ್ಲಿ ಸುಮಾರು 260 ಕಿ.ಮೀ. ಇದ್ದು, ಅದರಲ್ಲಿ ಸುಮಾರು 55 ಕಿ.ಮೀ. ಕಲ್ಲುಹಾಸಿನ ದಾರಿ. ಗೆದ್ದವರಿಗೆ ಸಿಗುವ ಸ್ಮರಣಿಕೆಯೂ ಪೀಠದ ಮೇಲೆ ಕೂರಿಸಿದ ಒಂದು ಹಾಸುಗಲ್ಲೇ. 2021ರಿಂದ ಮಹಿಳೆಯರ ಸ್ಪರ್ಧೆಯೂ ನಡೆಯುತ್ತಿದೆ.

ಸಾಮಾನ್ಯ ರಸ್ತೆ ಸ್ಪರ್ಧೆಗಳಲ್ಲಿ 2000ದ ದಶಕದುದ್ದಕ್ಕೂ 23 ಮಿ.ಮೀ. ಅಗಲದ ಟೈರಿಗೆ 100 ಪಿಎಸ್‌ಐಗೂ ಮಿಗಿಲಾಗಿ ಗಾಳಿ ತುಂಬುವುದು ರೂಢಿಯಾಗಿತ್ತು. ಅದೇ ಸವಾರರು ರೂಬೆಯ ಕಲ್ಲಿಗೆ ಮಾತ್ರ ಹೆಚ್ಚು ಅಗಲದ ಟೈರು ಹಾಕಿ, ಗಾಳಿ ಇಳಿಸುತ್ತಿದ್ದರು. ಇಂದು ಅಲ್ಲಿ 30 ಮಿ.ಮೀ.ಗಿಂತ ಅಗಲದ, ಟ್ಯೂಬಿಲ್ಲದ ಟೈರುಗಳು ಸಾಮಾನ್ಯವಾಗಿವೆ. ಸಾಮಾನ್ಯ ರಸ್ತೆಗೂ 28ರಿಂದ 32 ಮಿ.ಮೀ. ಟೈರು ಬಂದಿದೆ. ಕಲ್ಲುಹಾದಿಯಲ್ಲಿ ಕಲಿತ ಪಾಠ ಕೊನೆಗೆ ಎಲ್ಲ ರಸ್ತೆಗಳಿಗೂ ಅನ್ವಯವಾಯಿತು ಎಂಬುದು ಗಮನಾರ್ಹ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಸ್ಪರ್ಧಾಳುವಿನ ಹಿಂದೆ ಹೊಸ ಗಾಲಿ ಹೊತ್ತ ವಾಹನ ಬರುತ್ತಿರುತ್ತದೆ. ಶಹಾಪುರ–ಸುರಪುರದ ನಡುವಿನ ಸವಾರನ ಹಿಂದೆ ಯಾರೂ ಇರುವುದಿಲ್ಲ. ಅದಕ್ಕಾಗಿ ಇಲ್ಲಿ ಬಾಳಿಕೆಗೆ ಮೊದಲ ಸ್ಥಾನ, ಹಗುರತನಕ್ಕೆ ಎರಡನೆಯದು.

ಅಗಲ ಎಷ್ಟಿರಬೇಕು?

ಟೈರಿನ ಅಗಲ ತುಸು ಹೆಚ್ಚಿದರೂ ಒಳಗಿನ ಗಾಳಿಯ ಪ್ರಮಾಣ ಬಹಳ ಹೆಚ್ಚುತ್ತದೆ, ಏಕೆಂದರೆ ಅದು ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 23 ಮಿ.ಮೀ. ಟೈರಿಗೆ ಹೋಲಿಸಿದರೆ 28 ಮಿ.ಮೀ. ಟೈರಿನಲ್ಲಿ ಸುಮಾರು ಒಂದೂವರೆ ಪಟ್ಟು, 32 ಮಿ.ಮೀ. ಟೈರಿನಲ್ಲಿ ಹತ್ತಿರಹತ್ತಿರ ಎರಡು ಪಟ್ಟು ಗಾಳಿ ಹಿಡಿಯುತ್ತದೆ. ಗಾಳಿ ಹೆಚ್ಚು ಹಿಡಿದಷ್ಟೂ ಕಡಿಮೆ ಒತ್ತಡದಲ್ಲೂ ರಿಮ್ಮು ಕಲ್ಲಿಗೆ ತಾಗದಂತೆ ಕಾಯುತ್ತದೆ.

ಈ ಭಾಗದ ರಸ್ತೆಗೆ 23 ಮಿ.ಮೀ. ಟೈರು ತಕ್ಕುದಲ್ಲ. 25 ಮಿ.ಮೀ. ಟೈರು ಮುಖ್ಯರಸ್ತೆ ಬಿಟ್ಟು ಇಳಿಯದವರಿಗೆ ಮಾತ್ರ. 28 ಮಿ.ಮೀ. ಕನಿಷ್ಠ ಮಟ್ಟ, 32 ಮಿ.ಮೀ. ಬಹುತೇಕರಿಗೆ ಹದವಾದ ಆಯ್ಕೆ. ಕಾಲುವೆ ದಂಡೆ, ಗರಸಿನ ದಾರಿಗಳನ್ನೂ ಹಿಡಿಯುವವರಿಗೆ 35ರಿಂದ 40 ಮಿ.ಮೀ. ಬೇಕು.

ಆದರೆ ಸೈಕಲ್ಲಿನ ಚೌಕಟ್ಟು ಎಷ್ಟಕ್ಕೆ ಅವಕಾಶ ಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು. ರಿಮ್ಮನ್ನು ಹಿಡಿಯುವ ಬ್ರೇಕಿರುವ ಹಳೆಯ ರೋಡ್ ಬೈಕುಗಳಲ್ಲಿ 25 ಅಥವಾ 28 ಮಿ.ಮೀ.ಗಿಂತ ಅಗಲದ ಟೈರು ಹೆಚ್ಚಾಗಿ ಕೂರುವುದಿಲ್ಲ. ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ 32 ಅಥವಾ ಅದಕ್ಕಿಂತ ಅಗಲದ್ದಕ್ಕೆ ಜಾಗವಿರುತ್ತದೆ. ಟೈರಿನ ಎರಡು ಬದಿಗೂ ಮೇಲ್ಭಾಗಕ್ಕೂ ಕನಿಷ್ಠ 4ರಿಂದ 6 ಮಿ.ಮೀ. ತೆರವಿರಬೇಕು. ತೆರವು ಕಡಿಮೆಯಾದರೆ ಟೈರಿಗೆ ಅಂಟಿಬಂದ ಸಣ್ಣ ಕಡಿಯೊಂದು ಚೌಕಟ್ಟಿನ ನಡುವೆ ಸಿಕ್ಕಿ ಗಾಲಿಯೇ ನಿಲ್ಲಬಹುದು. ಮುಂದಿನ ಗಾಲಿ ಹಾಗೆ ನಿಂತರೆ ಸವಾರ ತಲೆಕೆಳಗಾಗಿ ಬೀಳುವುದು ಖಚಿತ. ಇನ್ನೊಂದು ಮಾತು: ಟೈರಿನ ಮೇಲೆ ಬರೆದ ಅಗಲಕ್ಕೂ ರಿಮ್ಮಿನ ಮೇಲೆ ಕೂತಾಗಿನ ಅಗಲಕ್ಕೂ ವ್ಯತ್ಯಾಸವಿರುತ್ತದೆ. ರಿಮ್ಮು ಅಗಲವಿದ್ದಷ್ಟೂ ಟೈರು ಹಿಗ್ಗುತ್ತದೆ. ಗಾಳಿ ತುಂಬಿ ಅಳೆದೇ ನಿರ್ಧರಿಸಬೇಕು.

ಗಾಳಿ ಎಷ್ಟು ಹಾಕಬೇಕು?

ಟೈರಿನ ಆಯ್ಕೆಗಿಂತಲೂ ಗಾಳಿಯ ಹದ ಮುಖ್ಯ. ಒಳ್ಳೆಯ ಟೈರಿಗೆ ತಪ್ಪು ಗಾಳಿ ತುಂಬಿದರೆ ಕೊಟ್ಟ ಹಣ ವ್ಯರ್ಥ. ಸುಮಾರು 70 ಕೆ.ಜಿ. ತೂಕದ ಸವಾರ, ಹತ್ತು-ಹನ್ನೆರಡು ಕೆ.ಜಿ. ಸೈಕಲ್ಲು, ಟ್ಯೂಬು ಇರುವ ಟೈರು ಎಂದಿಟ್ಟುಕೊಂಡರೆ ಆರಂಭಕ್ಕೆ ಈ ಅಂಕಿಗಳನ್ನು ಹಿಡಿಯಬಹುದು.

25 ಮಿ.ಮೀ.: ಒಳ್ಳೆಯ ಡಾಂಬರಿನಲ್ಲಿ ಮುಂದೆ 80, ಹಿಂದೆ 85 ಪಿಎಸ್‌ಐ, ಕಲ್ಲುಹಾದಿಯಲ್ಲಿ ಮುಂದೆ 73, ಹಿಂದೆ 78.

28 ಮಿ.ಮೀ.: ಡಾಂಬರಿನಲ್ಲಿ 65 ಮತ್ತು 70, ಕಲ್ಲುಹಾದಿಯಲ್ಲಿ 58 ಮತ್ತು 63.

32 ಮಿ.ಮೀ.: ಡಾಂಬರಿನಲ್ಲಿ 52 ಮತ್ತು 57; ಕಲ್ಲುಹಾದಿಯಲ್ಲಿ 46 ಮತ್ತು 51.

35 ಮಿ.ಮೀ.: ಡಾಂಬರಿನಲ್ಲಿ 45 ಮತ್ತು 50, ಕಲ್ಲುಹಾದಿಯಲ್ಲಿ 40 ಮತ್ತು 44.

40 ಮಿ.ಮೀ.: ಡಾಂಬರಿನಲ್ಲಿ 38 ಮತ್ತು 42, ಕಲ್ಲುಹಾದಿಯಲ್ಲಿ 33 ಮತ್ತು 37.

ಸವಾರನ ತೂಕ 5 ಕೆ.ಜಿ. ಹೆಚ್ಚಿದರೆ 2ರಿಂದ 4 ಪಿಎಸ್‌ಐ ಏರಿಸಬೇಕು, ಕಡಿಮೆಯಿದ್ದರೆ ಅಷ್ಟೇ ಇಳಿಸಬೇಕು. ಹಿಂದಿನ ಗಾಲಿಯ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿ ಗಾಳಿಯೂ ಹೆಚ್ಚಿರಬೇಕು. ಟ್ಯೂಬಿಲ್ಲದ ಟೈರಾದರೆ 3ರಿಂದ 5 ಪಿಎಸ್‌ಐ ಕಡಿಮೆ ಸಾಕು. ಇವು ಆರಂಭದ ಅಂಕಿಗಳೇ ಹೊರತು ಕಟ್ಟಳೆಯಲ್ಲ. ಒಂದೇ ದಾರಿಯಲ್ಲಿ ಎರಡು-ಮೂರು ಸಲ ಓಡಿಸಿ, ಪ್ರತಿ ಸಲ 3 ಪಿಎಸ್‌ಐ ಇಳಿಸುತ್ತ ಹೋದರೆ ತಮಗೆ ಹೊಂದುವ ಹದ ತಿಳಿಯುತ್ತದೆ. ರಿಮ್ಮು ಕಲ್ಲಿಗೆ ಟಣ್ ಎಂದು ತಾಗಿದ ಸದ್ದು ಕೇಳಿದರೆ ಹದ ಮೀರಿ ಇಳಿಯಿತೆಂದು ತಿಳಿದು ಮತ್ತೆ ಏರಿಸಬೇಕು.

ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ಮೀರಬಾರದು. ಅಂಚಿನಲ್ಲಿ ಕೊಕ್ಕೆಯಿಲ್ಲದ ಹೊಸ ಬಗೆಯ ರೋಡ್ ರಿಮ್ಮುಗಳಲ್ಲಿ ಟೈರಿನ ಮೇಲೆ ಏನೇ ಬರೆದಿದ್ದರೂ 5 ಬಾರ್, ಅಂದರೆ 72.5 ಪಿಎಸ್‌ಐ ದಾಟುವಂತಿಲ್ಲ. ದಾಟಿದರೆ ಟೈರು ರಿಮ್ಮಿನಿಂದ ಸಿಡಿದು ಹೊರಬರಬಹುದು.

ಬಿಸಿಲಿನ ಲೆಕ್ಕವನ್ನೂ ಸೇರಿಸಬೇಕು. ಬೆಳಗಿನ ಜಾವ 25 ಡಿಗ್ರಿ ಇರುವಾಗ 60 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 65 ಆಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಟೈರು 60 ಡಿಗ್ರಿಗೆ ಕಾದರೆ ಒತ್ತಡ 69ರ ಹತ್ತಿರ ಹೋಗುತ್ತದೆ. ಒಳ್ಳೆಯ ಟೈರು ಇದನ್ನು ತಡೆದುಕೊಳ್ಳುತ್ತದೆಯಾದರೂ ಗರಿಷ್ಠ ಮಿತಿಯ ಅಂಚಿನವರೆಗೆ ತುಂಬಿ ಬಿಸಿಲಿಗೆ ಬಿಡುವುದು ತರವಲ್ಲ. ಬೇಸಿಗೆಯಲ್ಲಿ ಸೈಕಲ್ಲನ್ನು ನೆರಳಲ್ಲಿ ನಿಲ್ಲಿಸುವುದು ರಬ್ಬರಿನ ಆಯುಷ್ಯಕ್ಕೂ ಒಳ್ಳೆಯದು.

ಅಳತೆಯ ಗೊಂದಲ

ಅಂಗಡಿಯಲ್ಲಿ "28 ಇಂಚಿನ ಟೈರು ಕೊಡಿ" ಎಂದು ಕೇಳಿದವರಿಗೆ ಬೇರೆಯೇ ಟೈರು ಸಿಕ್ಕುವ ಸಂಭವವಿದೆ. ಊರೂರಲ್ಲಿ ಕಾಣುವ ಕರಿ ಸೈಕಲ್ಲಿನ ಟೈರಿನ ಅಳತೆ 28×1½. ಅದರ ರಿಮ್ಮಿನ ಕೂರುವ ವ್ಯಾಸ 635 ಮಿ.ಮೀ. ರೋಡ್ ಬೈಕಿನ ಟೈರನ್ನು 700ಸಿ ಎನ್ನುತ್ತಾರೆ, ಅದರ ವ್ಯಾಸ 622 ಮಿ.ಮೀ. ನೋಟಕ್ಕೆ ಎರಡೂ ಒಂದೇ ಎನಿಸಿದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 26 ಇಂಚಿನ ಮೌಂಟೇನ್ ಬೈಕಿನ ವ್ಯಾಸ 559 ಮಿ.ಮೀ., ಆದರೆ 26×1⅜ ಎಂದು ಬರೆದ ಟೈರಿನ ವ್ಯಾಸ 590 ಮಿ.ಮೀ. ಇಂಚಿನ ಹೆಸರನ್ನು ನಂಬದೆ ಟೈರಿನ ಬದಿಯಲ್ಲಿರುವ ಜೋಡಿ ಅಂಕಿಯನ್ನೇ ನೋಡಬೇಕು. 32-622 ಎಂದಿದ್ದರೆ ಅಗಲ 32 ಮಿ.ಮೀ., ವ್ಯಾಸ 622 ಮಿ.ಮೀ. ಎರಡನೆಯ ಅಂಕಿ ಹಳೆಯ ಟೈರಿನದಕ್ಕೆ ಸಮವಾಗಿರಲೇಬೇಕು. ಮೊದಲನೆಯದನ್ನು ಚೌಕಟ್ಟು, ರಿಮ್ಮುಗಳ ಅನುಕೂಲ ನೋಡಿ ಬದಲಿಸಬಹುದು.

ಅಂದಹಾಗೆ, ಕಲ್ಲುಹಾದಿಯ ದೃಷ್ಟಿಯಿಂದ ಕರಿ ಸೈಕಲ್ಲು ಹಿಂದುಳಿದುದೇನಲ್ಲ. ಅದರ ಟೈರು ಸುಮಾರು 40 ಮಿ.ಮೀ. ಅಗಲದ್ದು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಗರಸಿನ ದಾರಿಯಲ್ಲಿ ದಶಕಗಳಿಂದ ಓಡಿದ ಆ ಗಾಲಿಯ ಅಗಲಕ್ಕೆ ಆಧುನಿಕ ರೋಡ್ ಬೈಕು ಈಗ ಹತ್ತಿರ ಬರುತ್ತಿದೆ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಿಗೂ ಈ ಮಾತು ಅನ್ವಯಿಸುತ್ತದೆ. ಶಾಲೆಯ ದಾರಿಯಲ್ಲಿ ಟೈರು ಕೈಕೊಟ್ಟರೆ ಹೋಗುವುದು ಆ ದಿನದ ಪಾಠ. ರಾಲ್ಸನ್, ಮೆಟ್ರೋ, ಹೈದರಾಬಾದಿನ ಹಾರ್ಟೆಕ್ಸ್ ಮುಂತಾದ ದೇಶೀಯ ಕಂಪನಿಗಳು ಇಂಥ ಸಾಮಾನ್ಯ ಅಳತೆಯ ಟೈರು ತಯಾರಿಸುತ್ತವೆ. ಸರಿಯಾದ ಜೋಡಿ ಅಂಕಿಯ ಹೊಸ ಟೈರು ಹಾಕಿಸಿ ಹದವಾಗಿ ಗಾಳಿ ತುಂಬಿದರೆ ಆ ಸೈಕಲ್ಲು ಕಲ್ಲಿಗೆ ಅಂಜಬೇಕಿಲ್ಲ.

ಟೈರಿನ ಮೈಕಟ್ಟು

ಟೈರೆಂದರೆ ರಬ್ಬರು ಮಾತ್ರವಲ್ಲ, ಒಳಗೆ ನೂಲಿನ ಹೆಣಿಗೆಯೂ ಇದೆ. ಒಂದು ಇಂಚಿಗೆ ಎಷ್ಟು ಎಳೆ ಎಂಬುದನ್ನು ಟಿಪಿಐ ಎಂಬ ಅಂಕಿ ಹೇಳುತ್ತದೆ. ಎಳೆ ಹೆಚ್ಚಿದಷ್ಟೂ ನೂಲು ಸಣ್ಣದು, ಟೈರು ಮೆದು. 120 ಟಿಪಿಐ ಟೈರು ಕಲ್ಲಿಗೆ ಚೆನ್ನಾಗಿ ಬಾಗುತ್ತದೆ, ಆದರೆ ಅದರ ಪಕ್ಕೆ ಬೇಗ ಹರಿಯಬಹುದು. 60 ಟಿಪಿಐ ಆಸುಪಾಸಿನದು ಒರಟು, ಆದರೆ ಗಟ್ಟಿ. ಚೂಪು ಕಡಿಯ ರಸ್ತೆಯಲ್ಲಿ ಪಕ್ಕೆ ಹರಿದರೆ ಅದನ್ನು ಪ್ಯಾಚ್ ಹಾಕಿ ಉಳಿಸುವುದು ಕಷ್ಟ. ಹೀಗಾಗಿ ಪಕ್ಕೆಗೂ ರಕ್ಷಣೆಯ ಪದರವಿರುವ ಟೈರನ್ನೇ ಕೇಳಿ ಪಡೆಯಬೇಕು.

ನೆಲಕ್ಕೆ ತಾಗುವ ಭಾಗದಡಿ ಮುಳ್ಳುತಡೆಯ ಪಟ್ಟಿ ಇರುವ ಟೈರುಗಳು ತುಸು ಭಾರ, ತುಸು ನಿಧಾನ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್, ಕಾಂಟಿನೆಂಟಲ್ ಕಂಪನಿಯ ಗೇಟರ್‌ಸ್ಕಿನ್ ಈ ಬಗೆಯವುಗಳಲ್ಲಿ ಹೆಸರಾಂತವು. ಯಾವ ಕಂಪನಿಯದೇ ಆದರೂ ಈ ಪಟ್ಟಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮುಖ್ಯ.

ಟೈರಿನ ಮೇಲಿನ ಗೀರುಗಳ ವಿನ್ಯಾಸಕ್ಕೆ ಜನ ಕೊಡುವಷ್ಟು ಮಹತ್ವ ಗಟ್ಟಿ ನೆಲದಲ್ಲಿ ಅದಕ್ಕಿಲ್ಲ. ಕಾರಿನ ಟೈರಿನಂತೆ ಸೈಕಲ್ ಟೈರು ನೀರಿನ ಮೇಲೆ ತೇಲುವುದಿಲ್ಲ, ಏಕೆಂದರೆ ಅದು ಕಿರಿದು, ಒತ್ತಡ ಹೆಚ್ಚು, ವೇಗ ಕಡಿಮೆ. ಒದ್ದೆ ಹಾಸುಗಲ್ಲಿನ ಮೇಲೆ ಹಿಡಿತ ಕೊಡುವುದು ರಬ್ಬರಿನ ಮೆದುತನ ಮತ್ತು ಗಾಳಿಯ ಹದ. ಗರಸು, ಮರಳಿನಂಥ ಸಡಿಲ ನೆಲದಲ್ಲಿ ಮಾತ್ರ ಅಂಚಿನ ಸಣ್ಣ ಗುಬ್ಬಿಗಳು ಉಪಯೋಗಕ್ಕೆ ಬರುತ್ತವೆ. ನಡುವೆ ನುಣುಪು, ಅಂಚಿನಲ್ಲಿ ಗುಬ್ಬಿ ಇರುವ ಟೈರು ಈ ಭಾಗಕ್ಕೆ ಒಳ್ಳೆಯ ಹೊಂದಾಣಿಕೆ.

ಮುಳ್ಳು ಎಂಬ ಹಗೆ

ಯುರೋಪಿನ ಕಲ್ಲುಹಾದಿಗೂ ಯಾದಗಿರಿಯ ಕಲ್ಲುಹಾದಿಗೂ ಇರುವ ದೊಡ್ಡ ವ್ಯತ್ಯಾಸ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ಗಟ್ಟಿ. ಬೇಲಿ ಸವರಿದ ದಿನ ರಸ್ತೆಯ ಅಂಚಿನುದ್ದಕ್ಕೂ ಹರಡಿರುತ್ತದೆ. ನೆಗ್ಗಿಲ ಮುಳ್ಳು ಸಣ್ಣದು, ಆದರೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಅಗಲದ ಟೈರು, ಹದದ ಗಾಳಿ ಇವೆರಡೂ ಕಲ್ಲಿನಿಂದ ಕಾಪಾಡುತ್ತವೆ, ಮುಳ್ಳಿನಿಂದ ಅಲ್ಲ. ಅದಕ್ಕೆ ಬೇರೆ ಉಪಾಯ ಬೇಕು.

ಮೊದಲ ಉಪಾಯ, ಮುಳ್ಳುತಡೆಯ ಪಟ್ಟಿಯ ಟೈರು ಹಾಗೂ ಸಾಮಾನ್ಯ ಬ್ಯುಟೈಲ್ ಟ್ಯೂಬು. ಇದು ಸರಳ, ಯಾವ ಅಂಗಡಿಯಲ್ಲೂ ದುರಸ್ತಿ ಸಾಧ್ಯ. ಎರಡನೆಯದು, ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂಥ ಸೀಲೆಂಟ್ ದ್ರವ ಹಾಕುವುದು. ಮುಳ್ಳು ಚುಚ್ಚಿದಲ್ಲಿ ದ್ರವ ಹೊರಚಿಮ್ಮಿ ಹೆಪ್ಪುಗಟ್ಟಿ ರಂಧ್ರ ಮುಚ್ಚುತ್ತದೆ. ಸಣ್ಣ ಮುಳ್ಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಟ್ಯೂಬೇ ಇಲ್ಲದ್ದರಿಂದ ಜೋಡಿ ರಂಧ್ರದ ಭಯವೂ ಇಲ್ಲ. ಆದರೆ ಇದಕ್ಕೆ ತಕ್ಕ ರಿಮ್ಮು, ಟೈರು ಎರಡೂ ಬೇಕು. ದ್ರವವು ಬಿಸಿಲಿಗೆ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿ ತುಂಬಬೇಕು. ಒಣಗಿದ ಸೀಲೆಂಟ್ ಇದ್ದೂ ಇಲ್ಲದಂತೆ. ಈ ಪಾಲನೆಗೆ ಪುರುಸೊತ್ತಿಲ್ಲದವರು ಟ್ಯೂಬಿನ ದಾರಿಯನ್ನೇ ಹಿಡಿಯುವುದು ಲೇಸು.

ಮುಳ್ಳು ಕಂಡಾಗ ಅದನ್ನು ಎಲ್ಲಿ ಕೀಳಬೇಕು ಎಂಬುದೂ ತಿಳಿದಿರಬೇಕು. ಸೀಲೆಂಟ್ ಇರುವ ಟೈರಾದರೆ ಕೂಡಲೇ ಕಿತ್ತು, ಗಾಲಿ ತಿರುಗಿಸಿ ರಂಧ್ರವನ್ನು ಕೆಳಗೆ ತರಬೇಕು. ಟ್ಯೂಬಿರುವ ಟೈರಾದರೆ ಮುಳ್ಳು ಕೆಲವೊಮ್ಮೆ ತಾನೇ ಬಿರಡೆಯಂತೆ ಗಾಳಿಯನ್ನು ತಡೆದಿರುತ್ತದೆ. ಪ್ಯಾಚ್ ಹಾಕುವ ಸಿದ್ಧತೆಯಿಲ್ಲದೆ ಕೀಳಬಾರದು. ಪ್ಯಾಚ್ ಹಾಕಿದ ಬಳಿಕ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡದಿದ್ದರೆ ಉಳಿದ ಮುಳ್ಳಿನ ಮೊನೆಯೇ ಹೊಸ ಟ್ಯೂಬನ್ನೂ ಚುಚ್ಚುತ್ತದೆ.

ವಾಲ್ವ್ ಮತ್ತು ಪಂಪು

ಚಿಕ್ಕದೆಂದು ಕಡೆಗಣಿಸುವ ಈ ವಿಷಯ ಊರಾಚೆ ಬಹಳ ತೊಂದರೆ ಕೊಡುತ್ತದೆ. ಕರಿ ಸೈಕಲ್ಲಿನಲ್ಲಿರುವುದು ಡನ್‌ಲಪ್ ಬಗೆಯ ವಾಲ್ವ್. ಬೈಕು, ಕಾರುಗಳಲ್ಲಿರುವುದು ಶ್ರೇಡರ್. ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ತೆಳುವಾದ ಪ್ರೆಸ್ಟಾ ವಾಲ್ವ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪು ಪ್ರೆಸ್ಟಾಕ್ಕೆ ನೇರವಾಗಿ ಹೊಂದುವುದಿಲ್ಲ. ಅದಕ್ಕೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು. ಹೆಚ್ಚಿನ ಬೆಲೆಯದಲ್ಲದ ಇದು ಚೀಲದಲ್ಲಿಲ್ಲದಿದ್ದರೆ ಗಾಳಿಯಂಗಡಿಯ ಎದುರಿಗೇ ಗಾಳಿಯಿಲ್ಲದೆ ನಿಲ್ಲಬೇಕಾಗುತ್ತದೆ. ಕಂಪ್ರೆಸರ್‌ನಿಂದ ಸೈಕಲ್ಲಿನ ಟೈರು ಕ್ಷಣಾರ್ಧದಲ್ಲಿ ತುಂಬಿಬಿಡುತ್ತದೆ. ತುಸು ತುಸುವೇ ಬಿಟ್ಟು ನೋಡಬೇಕು. ಮನೆಯಲ್ಲಿ ಮಾಪಕವಿರುವ ಕಾಲುಪಂಪು ಇಟ್ಟುಕೊಳ್ಳುವುದು ಅತ್ಯುತ್ತಮ, ಏಕೆಂದರೆ ಬೆರಳಿನಿಂದ ಒತ್ತಿ ನೋಡಿದರೆ 50 ಪಿಎಸ್‌ಐಗೂ 80ಕ್ಕೂ ಇರುವ ಅಂತರ ತಿಳಿಯುವುದಿಲ್ಲ.

ಮಳೆಗಾಲದ ಎರೆಮಣ್ಣು

ಶಹಾಪುರ, ಸುರಪುರ ಭಾಗದ ಎರೆಮಣ್ಣಿನಲ್ಲಿ ಮಳೆಯಾದಾಗ ಯಾವ ಟೈರೂ ಗೆಲ್ಲದು. ಮಣ್ಣು ಗಾಲಿಗೆ ಅಂಟಿ, ಚೌಕಟ್ಟಿನ ತೆರವನ್ನೆಲ್ಲ ತುಂಬಿ ಸೈಕಲ್ಲನ್ನು ನಿಲ್ಲಿಸುತ್ತದೆ. ತಳ್ಳಿಕೊಂಡು ಹೋಗುವುದೂ ಆಗದೆ ಹೊತ್ತುಕೊಂಡು ನಡೆಯಬೇಕಾಗುತ್ತದೆ. ಒಳದಾರಿಯನ್ನು ಬಿಟ್ಟು ಡಾಂಬರಿನ ರಸ್ತೆ ಹಿಡಿಯುವುದೊಂದೇ ಪರಿಹಾರ. ಮಳೆಯ ದಿನ ಹಾಸುಗಲ್ಲಿನ ಓಣಿ, ಬಿಳಿ ಬಣ್ಣ ಬಳಿದ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕು ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ಕಲ್ಲಿನ ಸಂದು ದಾರಿಯ ಉದ್ದಕ್ಕೇ ಇದ್ದರೆ ಅದನ್ನು ಓರೆಯಾಗಿ ದಾಟಬೇಕು.

ಯಾರಿಗೆ ಯಾವುದು?

ಯಾದಗಿರಿ–ಶಹಾಪುರ–ಸುರಪುರ ಮುಖ್ಯರಸ್ತೆಯಲ್ಲಿ ಬೆಳಗಿನ ವ್ಯಾಯಾಮಕ್ಕೆ ಹೋಗುವವರಿಗೆ ಮುಳ್ಳುತಡೆಯ 28 ಮಿ.ಮೀ. ಟೈರು ಸಾಕು. ಊರೊಳಗಿನ ಓಣಿ, ಬ್ಲಾಕ್ ಹಾಸು, ಕಿತ್ತ ಡಾಂಬರು ಎಲ್ಲವನ್ನೂ ದಾಟಬೇಕಾದವರಿಗೆ 32 ಮಿ.ಮೀ. ಒಳಿತು. ಕೆರೆಯ ಏರಿ, ಕಾಲುವೆ ದಂಡೆ, ಹೊಲದ ದಾರಿಗಳ ಮೋಹವಿರುವವರು 35ರಿಂದ 40 ಮಿ.ಮೀ. ಟೈರಿಗೆ ಜಾಗವಿರುವ ಸೈಕಲ್ಲನ್ನೇ ಆರಿಸಬೇಕು. ಸಾಮಾನು ಹೊತ್ತು ದೂರ ಹೋಗುವವರಿಗೂ ಇದೇ ಅನ್ವಯ. ರಾಜ್ಯದ ಸೈಕ್ಲಿಂಗ್ ತವರೆನಿಸಿದ ವಿಜಯಪುರ, ಬಾಗಲಕೋಟೆಯ ಸ್ಪರ್ಧಾಳುಗಳ ಗಾಲಿ ನೋಡಿ ಅದನ್ನೇ ಅನುಸರಿಸಲು ಹೊರಟವರು ಸ್ಪರ್ಧೆಯ ಟೈರು ಬೇರೆ, ದಿನಬಳಕೆಯ ಟೈರು ಬೇರೆ ಎಂಬುದನ್ನು ನೆನಪಿಡಬೇಕು.

ಎರಡು ಗಾಲಿಗೂ ಒಂದೇ ಅಗಲದ ಟೈರು ಬೇಕೆಂದಿಲ್ಲ. ಹಿಂದೆ ಜಾಗ ಕಡಿಮೆಯಿದ್ದು ಮುಂದೆ ಹೆಚ್ಚಿದ್ದರೆ ಮುಂದಿನದಕ್ಕೆ ಅಗಲದ್ದನ್ನು ಹಾಕಬಹುದು. ಕೈಗೆ ಆರಾಮ, ಇಳಿಜಾರಿನಲ್ಲಿ ಹಿಡಿತ ಎರಡೂ ಸಿಗುತ್ತವೆ. ಹಿಂದಿನ ಟೈರು ಬೇಗ ಸವೆಯುತ್ತದೆ. ಆಗ ಮುಂದಿನದನ್ನು ಹಿಂದಕ್ಕೆ ಹಾಕಿ ಹೊಸದನ್ನು ಮುಂದೆ ಹಾಕಬೇಕು. ಸವೆದ ಟೈರನ್ನು ಮುಂದಕ್ಕೆ ಹಾಕುವುದು ಸರ್ವಥಾ ಸಲ್ಲದು. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಒಳನೂಲು ಕಾಣಿಸಿದರೆ, ನಡುಭಾಗ ಚಪ್ಪಟೆಯಾದರೆ, ಪಕ್ಕೆಯಲ್ಲಿ ಉಬ್ಬು ಬಂದರೆ, ಬಿಸಿಲಿಗೆ ರಬ್ಬರು ಬಿರುಕುಬಿಟ್ಟರೆ ಟೈರನ್ನು ಬದಲಿಸಬೇಕು. ರೋಡ್ ಬೈಕಿನ ವಿಶೇಷ ಟೈರುಗಳನ್ನು ಬಹುಪಾಲು ಹೈದರಾಬಾದ್, ಬೆಂಗಳೂರಿನಿಂದಲೋ ಅಂತರ್ಜಾಲದ ಮಳಿಗೆಗಳಿಂದಲೋ ತರಿಸಬೇಕಾದ್ದರಿಂದ ಹಳೆಯದು ಸವೆಯುವ ಮೊದಲೇ ಒಂದು ಹೆಚ್ಚಿನ ಟೈರು ಮನೆಯಲ್ಲಿರುವುದು ಒಳ್ಳೆಯದು.

ಹೊರಡುವ ಮುನ್ನ ಚೀಲದಲ್ಲಿ ಎರಡು ಟ್ಯೂಬು, ಪ್ಯಾಚ್ ಮತ್ತು ಸೊಲ್ಯೂಷನ್, ಟೈರು ಬಿಡಿಸುವ ಎರಡು ಪ್ಲಾಸ್ಟಿಕ್ ಪಟ್ಟಿ, ಕೈಪಂಪು, ವಾಲ್ವ್ ಅಡಾಪ್ಟರ್, ಹರಿದ ಪಕ್ಕೆಗೆ ಒಳಗಿನಿಂದ ಒತ್ತಿಡಲು ಹಳೆಯ ಟೈರಿನ ಒಂದು ತುಂಡು ಇರಲಿ. ಬೇಸಿಗೆಯಲ್ಲಿ ಇವೆಲ್ಲಕ್ಕಿಂತ ಮೊದಲು ಎರಡು ಬಾಟಲಿ ನೀರು. ಗಾಲಿ ಬಿಚ್ಚಿ ಟ್ಯೂಬು ಬದಲಿಸುವುದನ್ನು ಮನೆಯ ಅಂಗಳದಲ್ಲಿ ಒಮ್ಮೆಯಾದರೂ ಮಾಡಿ ಕಲಿತವರು ಮಾತ್ರ ಊರಿನ ಗಡಿ ದಾಟುವುದು ಕ್ಷೇಮ.